ವಕ್ರೀಭವನ ಮತ್ತು ಅದೃಶ್ಯತೆ: ತರಗತಿ ಪ್ರಯೋಗಗಳು

ಬೆಳಕು ಒಂದು ಪಾರದರ್ಶಕ ಮಾಧ್ಯಮದಿಂದ ಇನ್ನೊಂದಕ್ಕೆ ಓರೆಯಾಗಿ ದಾಟುವಾಗ ಬಾಗುವುದೇ ವಕ್ರೀಭವನ. ಬೆಳಕಿನ ವೇಗ ಬದಲಾಗುವುದು ಇದಕ್ಕೆ ಕಾರಣ. ಡಚ್ ವಿಜ್ಞಾನಿ ಸ್ನೆಲ್ 1621ರಲ್ಲಿ ಇದರ ನಿಯಮ ಕಂಡುಕೊಂಡ. ಬಾಗ್ದಾದಿನ ಇಬ್ನ್ ಸಹ್ಲ್ 984ರಷ್ಟು ಹಿಂದೆಯೇ ಅದನ್ನು ಬಳಸಿದ್ದ.

ಹರಿಹರ ತಾಲ್ಲೂಕಿನ ಕೊಕ್ಕನೂರಿನಂಥ ಊರಿನಲ್ಲಿ ಇದನ್ನು ಮಕ್ಕಳಿಗೆ ತೋರಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಸ್ಟೀಲ್ ಬಟ್ಟಲಿನ ತಳಕ್ಕೆ ನಾಣ್ಯವೊಂದನ್ನು ಮೇಣದಿಂದ ಅಂಟಿಸಿ, ಅಂಚು ಅದನ್ನು ಮರೆಮಾಡುವವರೆಗೆ ಹಿಂದೆ ಸರಿದು ನಿಲ್ಲಬೇಕು. ಇನ್ನೊಬ್ಬರು ನೀರು ಸುರಿದಂತೆ ನಾಣ್ಯ ಮೇಲೆದ್ದು ಕಾಣುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬುದರ ಅಳತೆ) 1.33, ಹಾಗಾಗಿ ನೇರ ಮೇಲಿನಿಂದ ನೋಡಿದರೂ ಆಳ ಮುಕ್ಕಾಲು ಪಾಲಷ್ಟೇ ತೋರುತ್ತದೆ. ತುಂಗಭದ್ರೆಗೋ ಭದ್ರಾ ನಾಲೆಗೋ ಇಳಿಯುವ ಮಕ್ಕಳಿಗೆ ಇದನ್ನು ಒತ್ತಿ ಹೇಳಲೇಬೇಕು: ನಾಲ್ಕಡಿ ನೀರು ಮೂರಡಿಯಂತೆ ಕಾಣುತ್ತದೆ.

ಅದೃಶ್ಯತೆಯ ಪ್ರಯೋಗ ಇನ್ನೂ ಸೊಗಸು. ಗಾಜು ಕಣ್ಣಿಗೆ ಬೀಳುವುದು ಅದರ ಅಂಚಿನಲ್ಲಿ ಬೆಳಕು ಬಾಗಿ, ಒಂದಿಷ್ಟು ಪ್ರತಿಫಲಿಸುವುದರಿಂದ. ಬೊರೊಸಿಲಿಕೇಟ್ ಗಾಜಿನ ಸೂಚ್ಯಂಕವೂ ಸೂರ್ಯಕಾಂತಿ ಎಣ್ಣೆಯದೂ ಹೆಚ್ಚುಕಡಿಮೆ 1.47, ಹಾಗಾಗಿ ಇವೆರಡರ ನಡುವೆ ಬೆಳಕು ಬಹುತೇಕ ಬಾಗುವುದಿಲ್ಲ. ಇಂಥ ಗಾಜಿನ ಪ್ರನಾಳವನ್ನು ಎಣ್ಣೆ ತುಂಬಿದ ಬೀಕರಿನಲ್ಲಿ ಮುಳುಗಿಸಿದರೆ ಮೊದಲು ಅದು ಕಾಣುತ್ತಲೇ ಇರುತ್ತದೆ, ಏಕೆಂದರೆ ಒಳಗೆ ಗಾಳಿಯಿದೆ. ಎಣ್ಣೆ ಒಳನುಗ್ಗಿದಷ್ಟೂ ಕೆಳಗಿನಿಂದ ಪ್ರನಾಳ ಮಾಯವಾಗುತ್ತ ಬರುತ್ತದೆ. ತರಗತಿ ಮೌನವಾಗಿ ನೋಡುವ ಗಳಿಗೆ ಅದು, ವಿವರಣೆಗೆ ಆತುರಪಡಬಾರದು. ಸೂಚ್ಯಂಕ ಸುಮಾರು 1.52 ಇರುವ ಸಾಮಾನ್ಯ ಗಾಜಿನ ಲೋಟವಾದರೆ ಮಸುಕು ಅಂಚು ಉಳಿಯುತ್ತದೆ. ಎಚ್. ಜಿ. ವೆಲ್ಸ್‌ನ 1897ರ ಕಾದಂಬರಿಯ ಅದೃಶ್ಯ ಮನುಷ್ಯನೂ ಇದೇ ತತ್ತ್ವವನ್ನು ನೆಚ್ಚಿದವನು. ಅವನು ತನ್ನ ದೇಹದ ಸೂಚ್ಯಂಕವನ್ನು ಗಾಳಿಯದಕ್ಕೆ ಸಮ ಮಾಡಿಕೊಳ್ಳುತ್ತಾನೆ.