ವಾಶಿ ಸೇತುವೆಗೆ ವಯಸ್ಸಾದಾಗ...

ಘೋಡಬಂದರ್ ರಸ್ತೆಯಲ್ಲಿ ಮನೆ ಮಾಡಿದವರಿಗೆಲ್ಲ ಎರಡು ಮಾತು ಬಾಯಿಪಾಠ. ಒಂದು, "ಗಾಯಮುಖದಲ್ಲಿ ಜಾಮ್ ಅಂತೆ". ಇನ್ನೊಂದು, "ಮೆಟ್ರೋ ಬಂದರೆ ಎಲ್ಲ ಸರಿಹೋಗುತ್ತೆ". ಈ ಎರಡನೆಯ ಮಾತು ಎಷ್ಟು ನಿಜ ಅಂತ ನೋಡಬೇಕಿದ್ದರೆ ವಾಶಿ ಸೇತುವೆಯ ಚರಿತ್ರೆ ಓದಬೇಕು.

ಊರಿಗೆ ಹೋಗುವ ಮುಂಬಯಿ ಕನ್ನಡಿಗರಿಗೆ ವಾಶಿ ಸೇತುವೆ ಗೊತ್ತಿಲ್ಲದೆ ಏನು! 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ತನಕ ಮಂಗಳೂರು ಕಡೆಯವರಿಗೆ ಬಸ್ಸೇ ಗತಿ. ಬಸ್ಸು ಆ ಸೇತುವೆ ದಾಟಿದರೆ ಊರಿನ ದಾರಿ ಹಿಡಿದ ಹಾಗೆ.

1960ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು, ಮುಂಬಯಿ ಉಸಿರಾಡಬೇಕಾದರೆ ಖಾಡಿಯ ಆಚೆ ಹೊಸ ನಗರ ಕಟ್ಟಬೇಕು ಎಂದರು. 1970ರಲ್ಲಿ ಅದಕ್ಕಾಗಿ ಸಿಡ್ಕೋ ಹುಟ್ಟಿತು. 1973ರಲ್ಲಿ ಠಾಣೆ ಖಾಡಿಗೆ ಅಡ್ಡಲಾಗಿ ರಸ್ತೆ ಸೇತುವೆ ತೆರೆಯಿತು. ಆದರೆ ರೈಲು ಬರಲಿಲ್ಲ. ಸರಕಾರದ ಕಚೇರಿಗಳೂ ದಕ್ಷಿಣ ಮುಂಬಯಿ ಬಿಟ್ಟು ಕದಲಲಿಲ್ಲ. ವಾಶಿಯಲ್ಲಿ ಮನೆ, ಫೋರ್ಟಿನಲ್ಲಿ ನೌಕರಿ, ನಡುವೆ ಒಂದೇ ಸೇತುವೆ. ನಾನು 1991ರಲ್ಲಿ ಮುಂಬಯಿಗೆ ಬಂದಾಗ ವಾಶಿಯಲ್ಲಿ ಮನೆ ಅಗ್ಗ ಎಂದು ಎಲ್ಲರೂ ಹೇಳುತ್ತಿದ್ದರು. ಯಾಕೆ ಅಗ್ಗ ಎಂದು ಬಸ್ಸಿನ ಕ್ಯೂ ನೋಡಿದರೆ ತಿಳಿಯುತ್ತಿತ್ತು.

ಈ ನಡುವೆ ಸೇತುವೆಗೇ ಕಾಯಿಲೆ ಹಿಡಿಯಿತು. ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಸೇತುವೆಯ ಬಲವೆಲ್ಲ ಅದರೊಳಗೆ ಬಿಗಿದ ಉಕ್ಕಿನ ತಂತಿಗಳಲ್ಲಿ ಇರುತ್ತದೆ. ಉಪ್ಪುಗಾಳಿ ಒಳಹೊಕ್ಕು ಆ ತಂತಿಗಳು ತುಕ್ಕು ಹಿಡಿದವು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸವಕಳಿ ಲೆಕ್ಕಕ್ಕಿಂತ ಬೇಗ ಬಂತು. ಈಗ ಮೂರು ದಾರಿ: ತೇಪೆ ಹಾಕುವುದು, ಪಕ್ಕದಲ್ಲಿ ಹೊಸ ರಸ್ತೆ ಸೇತುವೆ ಕಟ್ಟುವುದು, ಇಲ್ಲವೇ ಜನರನ್ನು ರೈಲಿಗೆ ಹತ್ತಿಸುವುದು.

ಕೊನೆಗೆ ಮೂರೂ ಆದವು! ಆದರೆ ಹೊಸ ರಸ್ತೆ ಸೇತುವೆಗಿಂತ ಮೊದಲು ಬಂದದ್ದು ರೈಲು. 1992ರ ಮೇ ತಿಂಗಳಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಓಡಿತು, 1993ರಲ್ಲಿ ಬೇಲಾಪುರ, 1998ರಲ್ಲಿ ಪನ್ವೇಲ್. ಎರಡನೆಯ ರಸ್ತೆ ಸೇತುವೆ ತೆರೆದದ್ದು 1997ರಲ್ಲಿ.

ನನಗೆ ಬಹಳ ಇಷ್ಟವಾದದ್ದು ಇದರ ದುಡ್ಡಿನ ಲೆಕ್ಕ. ರೈಲು ಮಾರ್ಗದ ವೆಚ್ಚದಲ್ಲಿ ಶೇಕಡಾ 67 ಸಿಡ್ಕೋದ್ದು, 33 ರೈಲ್ವೆಯದ್ದು. ಸಿಡ್ಕೋ ಬಳಿ ಇದ್ದ ಬಂಡವಾಳ ಭೂಮಿ. ರೈಲು ಬಂದರೆ ಭೂಮಿಯ ಬೆಲೆ ಏರುತ್ತದೆ, ಆ ಏರಿಕೆಯಿಂದಲೇ ರೈಲಿನ ಖರ್ಚು. ಟಿಕೆಟಿನ ಮೇಲೆ ಸರ್‌ಚಾರ್ಜ್ ಬೇರೆ ಹಾಕಿದರು. ಜನ ಗೊಣಗಿದರೂ ಕೊಟ್ಟರು, ಯಾಕೆಂದರೆ ರೈಲು ಕಣ್ಣಮುಂದೆ ಓಡುತ್ತಿತ್ತು. ಒಂದು ಲೋಕಲ್ ಗಾಡಿಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನ ಹಿಡಿಯುತ್ತಾರೆ. ಅಷ್ಟು ಜನ ಕಾರಿನಲ್ಲಿ ಹೊರಟರೆ ಎಷ್ಟು ಲೇನ್ ಬೇಕು, ನೀವೇ ಲೆಕ್ಕ ಹಾಕಿ.

ಹಾಗಂತ ರಸ್ತೆ ಸೇತುವೆ ಬೇಡವೆನ್ನಲು ಆಗುವುದಿಲ್ಲ. ವಾಶಿ ಮಾರ್ಕೆಟ್ಟಿನ ಈರುಳ್ಳಿ ಲಾರಿ ಲೋಕಲ್ ಹತ್ತುವುದಿಲ್ಲ. ಮೂರನೆಯ ಸೇತುವೆಯೂ ಬಂತು, ಅದರ ಒಂದು ಬದಿ 2024ರಲ್ಲಿ, ಇನ್ನೊಂದು ಬದಿ 2025ರಲ್ಲಿ ತೆರೆಯಿತು. 2024ರ ಜನವರಿಯಲ್ಲಿ ತೆರೆದ 21.8 ಕಿಲೋಮೀಟರಿನ ಅಟಲ್ ಸೇತುವೆಯಲ್ಲಂತೂ ರೈಲಿಗೆ ಜಾಗವೇ ಇಲ್ಲ; ಬೈಕು, ರಿಕ್ಷಾಗಳಿಗೂ ಪ್ರವೇಶವಿಲ್ಲ.

ಈಗ ನಮ್ಮ ರಸ್ತೆಗೆ ಬರೋಣ. ಘೋಡಬಂದರ್ ರಸ್ತೆ ಅಹಮದಾಬಾದ್ ಹೆದ್ದಾರಿಯನ್ನು ಸೇರಿದ ಮೇಲೆ ವಸಾಯಿ ಖಾಡಿಗೆ ವರ್ಸೋವಾ ಸೇತುವೆ ಇದೆ (ಅಂಧೇರಿಯ ವರ್ಸೋವಾ ಅಲ್ಲ!). ಅದರಲ್ಲೂ ಬಿರುಕು ಕಂಡು 2013ರ ಕೊನೆಯಲ್ಲಿ, ಮತ್ತೆ 2016ರಲ್ಲಿ ಭಾರೀ ವಾಹನಗಳನ್ನು ತಡೆದರು. ಪಕ್ಕದಲ್ಲಿ ಹೊಸ ಸೇತುವೆ 2023ರಲ್ಲಿ ತೆರೆಯಿತು. ಲಾರಿಗಳಿಗೆ ಅದು ಬೇಕೇ ಬೇಕಿತ್ತು. ಆದರೆ ನಮ್ಮ ಕಾಸರವಡವಲಿ, ಓವಳಾದಿಂದ ದಿನಾ ಕೆಲಸಕ್ಕೆ ಹೋಗುವವರ ದಾರಿ ಎಲ್ಲಿ? ವಡಾಲಾ–ಕಾಸರವಡವಲಿ ಮೆಟ್ರೋ 4ಕ್ಕೆ ಶಿಲಾನ್ಯಾಸವಾದದ್ದು 2016ರ ಡಿಸೆಂಬರಿನಲ್ಲಿ. ಗಾಯಮುಖದ ಕಡೆಯ ತುಂಡಿನಲ್ಲಿ ಪ್ರಾಯೋಗಿಕ ಓಟ ನಡೆದದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಮೆಟ್ರೋ ಹೆಸರು ಹೇಳಿ ಎಷ್ಟು ಟವರುಗಳು ಎದ್ದವು! ವಾಶಿಯಲ್ಲಿ ಭೂಮಿಯ ಏರಿದ ಬೆಲೆ ರೈಲಿಗೆ ಹೋಯಿತು. ಇಲ್ಲಿ ನಾವು ಮೆಟ್ರೋದ ಬೆಲೆಯನ್ನು ಫ್ಲ್ಯಾಟಿನ ಜೊತೆಗೇ ಕೊಟ್ಟು, ಮೆಟ್ರೋಕ್ಕಾಗಿ ವರ್ಷಗಟ್ಟಲೆ ಕಾದೆವು.

ವಾಶಿಯವರು ಸೇತುವೆಯಿಂದ ರೈಲಿನ ತನಕ 19 ವರ್ಷ ಕಾದರು. ಆ 19 ವರ್ಷಗಳಲ್ಲಿ ಎಷ್ಟೋ ಮಕ್ಕಳು ಅಪ್ಪನ ಮುಖವನ್ನು ಭಾನುವಾರ ಮಾತ್ರ ನೋಡಿ ಬೆಳೆದವು. ಸೇತುವೆ ಹಳೆಯದಾದಾಗ ಎಂಜಿನಿಯರರು ಎಷ್ಟು ಲೇನ್ ಎಂದು ಕೇಳಲಿ, ಅದು ಅವರ ಕೆಲಸ. ಎಷ್ಟು ಜನ, ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ ಎಂದು ನಾವು ಕೇಳಬೇಕು. ಮುಂದೆ ಗಾಯಮುಖದಿಂದ ಮೀರಾರೋಡ್ ಕಡೆಗೆ ಮೆಟ್ರೋ 10 ಅನ್ನುತ್ತಿದ್ದಾರೆ. ಅದನ್ನಾದರೂ ಟವರುಗಳು ಏಳುವ ಮೊದಲೇ ಕೇಳೋಣ, ಏನಂತೀರಿ?