ಆರಂಭಕಾಲದ ಛಾಯಾ ಭಾವಚಿತ್ರಗಳು

1839ರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕ್ಯಾಮೆರಾದಿಂದ ತೆಗೆದ ವ್ಯಕ್ತಿಚಿತ್ರಗಳು. ಬಹುಮಟ್ಟಿಗೆ ಉಳ್ಳವರ ಮನೆಯ ಗೋಡೆಗಳಿಗೆ ಸೀಮಿತವಾಗಿದ್ದ ಭಾವಚಿತ್ರ ಇವುಗಳಿಂದಾಗಿ ಸಾಮಾನ್ಯರ ಕೈಗೂ ಬಂತು. ಜೊತೆಗೆ, ವ್ಯಕ್ತಿಯ ಗುರುತನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯೂ ಎದ್ದಿತು.

ತಂತ್ರ

ಲೂಯಿ ಡಾಗೆರ್ ರೂಪಿಸಿದ ಡಾಗೆರೋಟೈಪ್ ವಿಧಾನವನ್ನು 1839ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಬಹಿರಂಗಪಡಿಸಲಾಯಿತು. ಬೆಳ್ಳಿ ಲೇಪದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೊಡೀನ್ ಆವಿಗೆ ಹಿಡಿದು, ಬೆಳಕಿಗೊಡ್ಡಿ, ಪಾದರಸದ ಆವಿಯಲ್ಲಿ ಚಿತ್ರ ಮೂಡಿಸುತ್ತಿದ್ದರು. ಅದಕ್ಕೆ ಪಡಿಯಚ್ಚು ಇರಲಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೆಲಿಯಸ್ ತೆಗೆದುಕೊಂಡ ಸ್ವಚಿತ್ರ ಇಂದಿಗೂ ಉಳಿದಿದೆ: ಕೆದರಿದ ಕೂದಲು, ಎದೆಯ ಮೇಲೆ ಕಟ್ಟಿದ ಕೈಗಳು, ನಡುವಿನಿಂದ ತುಸು ಸರಿದ ಮುಖ. ಮಸೂರಗಳು ಸುಧಾರಿಸಿದ ಮೇಲೂ ಹಲವು ಸೆಕೆಂಡು ಅಲುಗದೆ ಕೂರಬೇಕಿತ್ತು. ತಲೆಗೆ ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಆ ಕಾಲದ ಮುಖಗಳ ಬಿಗುವಿಗೆ ಇದೂ ಒಂದು ಕಾರಣ.

ತಾವೇ ಕಟ್ಟಿಕೊಂಡ ಗುರುತು

1854ರಲ್ಲಿ ಪ್ಯಾರಿಸ್‌ನ ಛಾಯಾಗ್ರಾಹಕ ಡಿಸ್ಡೇರಿ ಒಂದೇ ಗಾಜಿನ ಫಲಕದಲ್ಲಿ ಹಲವು ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ವಿಸಿಟಿಂಗ್ ಕಾರ್ಡ್ ಅಳತೆಯ ಈ ಕಾಗದದ ಚಿತ್ರಗಳು ಅಗ್ಗವಾಗಿದ್ದು, ಆಲ್ಬಮ್ಮುಗಳನ್ನು ತುಂಬಿದವು. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಅಮೆರಿಕದ ಹೋರಾಟಗಾರ್ತಿ ಸೋಜರ್ನರ್ ಟ್ರೂತ್, 1864ರಲ್ಲಿ ಇಂಥ ಕಾರ್ಡುಗಳ ಹಕ್ಕುಸ್ವಾಮ್ಯವನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಿ, ಮಾರಿ ಬದುಕಿಗೆ ದಾರಿ ಮಾಡಿಕೊಂಡರು. ಬಿಳಿ ಟೋಪಿ, ಶಾಲು, ಕೈಯಲ್ಲಿ ಹೆಣಿಗೆಯ ನೂಲು: ಗೌರವಸ್ಥ ಹೆಣ್ಣುಮಗಳಾಗಿ ಕಾಣುವ ನಿರ್ಧಾರ ಅವರದೇ. ಗುಲಾಮಗಿರಿ ವಿರೋಧಿ ಹೋರಾಟಗಾರ ಫ್ರೆಡರಿಕ್ ಡಗ್ಲಸ್ ಕೂಡ ಕಪ್ಪುಜನರ ವ್ಯಂಗ್ಯಚಿತ್ರಗಳಿಗೆ ಉತ್ತರವಾಗಿ ನಗದ, ನೇರ ನೋಟದ ಚಿತ್ರಗಳನ್ನು ತೆಗೆಸಿಕೊಂಡರು. ಅವರ ಸುಮಾರು 160 ಭಾವಚಿತ್ರಗಳು ಪತ್ತೆಯಾಗಿವೆ.

ಹೇರಿದ ಗುರುತು

1850ರಲ್ಲಿ ಹಾರ್ವರ್ಡ್‌ನ ವಿಜ್ಞಾನಿ ಲೂಯಿ ಅಗಾಸಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರನ್ನು ವಿವಸ್ತ್ರಗೊಳಿಸಿ ಚಿತ್ರ ತೆಗೆಸಿದ. ಜನಾಂಗಗಳ ಮೂಲ ಬೇರೆಬೇರೆ ಎಂದು ಸಾಧಿಸುವುದು ಅವನ ಗುರಿ. ಅವರಲ್ಲಿ ರೆಂಟಿ ಮತ್ತು ಅವನ ಮಗಳು ಡೆಲಿಯಾ ಇದ್ದರು, ಒಪ್ಪಿಗೆ ಕೇಳಿದವರಿಲ್ಲ. ಭಾರತವನ್ನಾಳುತ್ತಿದ್ದ ವಸಾಹತು ಸರ್ಕಾರ 1868ರಿಂದ 1875ರವರೆಗೆ ಪ್ರಕಟಿಸಿದ ಎಂಟು ಸಂಪುಟಗಳ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ವಿಂಗಡಿಸಿತು. 1880ರ ದಶಕದಲ್ಲಿ ಪ್ಯಾರಿಸ್ ಪೊಲೀಸ್ ಇಲಾಖೆಯ ಅಲ್ಫಾನ್ಸ್ ಬರ್ಟಿಲಾನ್ ಆರೋಪಿಗಳ ಎದುರುಮುಖ ಮತ್ತು ಪಾರ್ಶ್ವಮುಖಗಳನ್ನು ದಾಖಲಿಸುವ ಕ್ರಮ ರೂಪಿಸಿದ.

ಇಂದಿನ ಮಹತ್ವ

ಹೀಗೆ ಒಂದೇ ಯಂತ್ರ ಮಾನವನ್ನೂ ಕೊಟ್ಟಿತು, ಅವಮಾನವನ್ನೂ ಮಾಡಿತು. ಈ ಚಿತ್ರಗಳನ್ನು ಓದುವಾಗ ಮುಖದಷ್ಟೇ ಮುಖ್ಯವಾದದ್ದು ಅದನ್ನು ತೆಗೆಸಿದವರಾರು ಎಂಬುದು. ಮೊಕದ್ದಮೆಯೊಂದರ ರಾಜಿಯ ಭಾಗವಾಗಿ ರೆಂಟಿ, ಡೆಲಿಯಾ ಅವರ ಫಲಕಗಳನ್ನು ಬಿಟ್ಟುಕೊಡಲು ಹಾರ್ವರ್ಡ್ 2025ರಲ್ಲಿ ಒಪ್ಪಿತು.