ಆಡಿದ ಮಾತು, ಉಳಿದ ಹೆಸರು

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬುದು ನಮ್ಮ ಹಳೆಯ ಗಾದೆ. ನಾಲಿಗೆಯ ಮೇಲೆ ಹಿಡಿತವಿರಲಿ ಎಂಬ ಎಚ್ಚರಿಕೆ ಅದರಲ್ಲಿದೆ. ಅದನ್ನು ಬೇರೊಂದು ಬಗೆಯಲ್ಲೂ ಓದಿಕೊಳ್ಳಬಹುದು: ಆಡಿದ ಮಾತು ಗಾಳಿಗೆ ಸೇರಿಬಿಡುತ್ತದೆ, ಆಡಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಕೋವಿಡ್ ಕಾಲದಿಂದ ಈಚೆಗೆ ಯುವಜನರಿಗೆ ಸಿಗುತ್ತಿರುವ ಒಂದು ಸಲಹೆ ಇದಕ್ಕೆ ತದ್ವಿರುದ್ಧವಾಗಿದೆ. ಮೊಬೈಲಿನಲ್ಲಿ ನಡೆಯುವ ನೇರ ಧ್ವನಿಸಂವಾದಗಳಿಗೆ ಹೋಗಿ, ಕೈಯೆತ್ತಿ, ಮಾತಾಡಿ. ನಿಮ್ಮ 'ಪರ್ಸನಲ್ ಬ್ರ್ಯಾಂಡ್' ತಾನಾಗಿ ಬೆಳೆಯುತ್ತದೆ ಎನ್ನುತ್ತದೆ ಆ ಸಲಹೆ. ನಮ್ಮ ಹಿರಿಯರು ಇದನ್ನೇ 'ಹೆಸರು ಮಾಡುವುದು' ಎನ್ನುತ್ತಿದ್ದರು. ಮಾತಿನ ಕೂಟಗಳಿಗೆ ಹೋಗಿ ಹೆಸರು ಮಾಡುವ ಆಸೆಗೆ ಕಡಿಮೆಯೆಂದರೂ ಮುನ್ನೂರೈವತ್ತು ವರ್ಷಗಳ ಇತಿಹಾಸವಿದೆ. ಆ ಕೂಟಗಳಲ್ಲಿ ಯಾರ ಹೆಸರು ಉಳಿಯಿತು, ಯಾರದು ಅಳಿಯಿತು ಎಂದು ನೋಡಿದರೆ ಈ ಸಲಹೆಯಲ್ಲಿ ಎಷ್ಟು ಹುರುಳಿದೆ ಎಂಬುದು ತಿಳಿಯುತ್ತದೆ.

ಲಂಡನ್ನಿನ ಮೊದಲ ಕಾಫಿ ಮನೆಯನ್ನು 1652ರಲ್ಲಿ ತೆರೆದವನು ಪಾಸ್ಕ್ವಾ ರೋಸೆ. ಮುಂದಿನ ದಶಕಗಳಲ್ಲಿ ಅಂಥ ಮನೆಗಳು ನಗರದ ತುಂಬ ಎದ್ದವು. ಒಂದು ಪೆನ್ನಿ ಕೊಟ್ಟು ಒಳಗೆ ಹೋದರೆ ಉದ್ದನೆಯ ಮೇಜಿನ ಮುಂದೆ ಖಾಲಿ ಇದ್ದ ಕಡೆ ಕೂರಬಹುದಿತ್ತು. ಪಕ್ಕದಲ್ಲಿ ವರ್ತಕನಿರಬಹುದು, ಪಾದ್ರಿಯಿರಬಹುದು, ಕವಿಯಿರಬಹುದು. ಪರಿಚಯವಿಲ್ಲದೆಯೂ ಮಾತಿಗೆ ಸೇರಿಕೊಳ್ಳಬಹುದು. ಗಿರಾಕಿಗಳು ಬಹುತೇಕ ಗಂಡಸರೇ ಎಂಬುದನ್ನು ಮರೆಯುವಂತಿಲ್ಲ. ಆದರೂ ಆ ಕಾಲಕ್ಕೆ ಅದು ದೊಡ್ಡ ಬಿಡುಬೀಸು. ಈ ಮಾತಿಗೆ ಹೆದರಿದ ದೊರೆ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರ್ 29ರಂದು ಕಾಫಿ ಮನೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿದ. ಜನರ ಸಿಟ್ಟು ನೋಡಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡ.

ಆ ಮೇಜುಗಳ ಸುತ್ತ ಕೂತು ಮಾತಾಡಿದ ಸಾವಿರಾರು ಜನರಲ್ಲಿ ಬಹುಪಾಲು ಮಂದಿಯ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಆದರೆ ಒಬ್ಬ ಅಂಗಡಿಯವನ ಹೆಸರು ಜಗತ್ತಿಗೇ ಗೊತ್ತು. ಎಡ್ವರ್ಡ್ ಲಾಯ್ಡ್ ನಡೆಸುತ್ತಿದ್ದ ಕಾಫಿ ಮನೆಗೆ ಹಡಗಿನ ಮಾಲೀಕರು, ನಾವಿಕರು, ವಿಮೆಗೆ ಸಹಿ ಹಾಕುವವರು ಬರುತ್ತಿದ್ದರು. ಯಾವ ಹಡಗು ಬಂತು, ಯಾವುದು ಮುಳುಗಿತು ಎಂಬ ಮಾತು ಅಲ್ಲಿ ದಿನವಿಡೀ ನಡೆಯುತ್ತಿತ್ತು. ಲಾಯ್ಡ್ ಆ ಸುದ್ದಿಗಳನ್ನು ಕಲೆಹಾಕಿ 1696ರಲ್ಲಿ ಪತ್ರಿಕೆಯಾಗಿ ಅಚ್ಚುಹಾಕಿಸಿದ. ಇಂದಿನ 'ಲಾಯ್ಡ್ಸ್ ಆಫ್ ಲಂಡನ್' ಎಂಬ ವಿಮಾ ಮಾರುಕಟ್ಟೆಗೆ ಅವನದೇ ಹೆಸರು. ಮಾತು ಗಿರಾಕಿಗಳದು, ಹೆಸರು ಜಾಗ ಕೊಟ್ಟವನದು. ಈ ಲೆಕ್ಕಾಚಾರ ಮುಂದೆಯೂ ಮತ್ತೆ ಮತ್ತೆ ಎದುರಾಗುತ್ತದೆ.

ಮಾತಿನಿಂದಲೇ ಹೆಸರಾದ ಸಾಹಿತಿ ಎಂದರೆ ಮೊದಲು ನೆನಪಾಗುವವನು ಸ್ಯಾಮ್ಯುಯೆಲ್ ಜಾನ್ಸನ್. 1755ರಲ್ಲಿ ಅವನ ಇಂಗ್ಲಿಷ್ ನಿಘಂಟು ಬಂದಿತ್ತು. 1764ರಲ್ಲಿ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಮತ್ತು ಜಾನ್ಸನ್ ಸೇರಿ ಒಂದು ಕೂಟ ಕಟ್ಟಿದರು. ಅದರ ಹೆಸರು ಬರಿಯ 'ದಿ ಕ್ಲಬ್'. ಸೋಹೋ ಪ್ರದೇಶದ ಟರ್ಕ್ಸ್ ಹೆಡ್ ಎಂಬ ಪಾನಗೃಹದಲ್ಲಿ ಸೋಮವಾರ ಸಂಜೆ ಸೇರುತ್ತಿದ್ದ ಮೊದಲ ಒಂಬತ್ತು ಸದಸ್ಯರಲ್ಲಿ ಎಡ್ಮಂಡ್ ಬರ್ಕ್ ಮತ್ತು ಆಲಿವರ್ ಗೋಲ್ಡ್‌ಸ್ಮಿತ್ ಕೂಡ ಇದ್ದರು. ಗೋಲ್ಡ್‌ಸ್ಮಿತ್ ಮಾತಿನಲ್ಲಿ ಎಡವುತ್ತಿದ್ದ, ಗೆಳೆಯರ ಗೇಲಿಗೆ ಗುರಿಯಾಗುತ್ತಿದ್ದ. ಜಾನ್ಸನ್ನನ ಮಾತಿಗೆ ಎದುರಿಲ್ಲ.

ಆದರೆ ಆ ಮಾತು ನಮ್ಮವರೆಗೆ ಬಂದದ್ದು ಜಾನ್ಸನ್ನನಿಂದ ಅಲ್ಲ. 1763ರಲ್ಲಿ ಒಂದು ಪುಸ್ತಕದಂಗಡಿಯಲ್ಲಿ ಅವನಿಗೆ ಪರಿಚಯವಾದ ಇಪ್ಪತ್ತೆರಡರ ಹುಡುಗ ಜೇಮ್ಸ್ ಬಾಸ್ವೆಲ್, ಕೇಳಿದ್ದನ್ನು ಮನೆಗೆ ಹೋಗಿ ದಿನಚರಿಯಲ್ಲಿ ಬರೆದಿಡುತ್ತಿದ್ದ. ಅವನನ್ನು ಕ್ಲಬ್ಬಿಗೆ ಸೇರಿಸಿಕೊಂಡದ್ದೇ 1773ರಲ್ಲಿ. ಜಾನ್ಸನ್ ತೀರಿಕೊಂಡು ಏಳು ವರ್ಷಗಳ ಮೇಲೆ, 1791ರಲ್ಲಿ, ಬಾಸ್ವೆಲ್ ಬರೆದ ಜೀವನಚರಿತ್ರೆ ಹೊರಬಂತು. ಆಡಿದವನ ಹೆಸರು ಉಳಿಯಿತು, ಕೇಳಿ ಬರೆದವನ ಹೆಸರೂ ಉಳಿಯಿತು. ಮಾತು ಬಾರದ ಗೋಲ್ಡ್‌ಸ್ಮಿತ್ ತನ್ನ ಕಾದಂಬರಿ, ನಾಟಕಗಳಿಂದ ಉಳಿದ. ಕೇವಲ ಮಾತಿನಲ್ಲೇ ಮಿಂಚಿ, ಬರೆದಿಡುವವರಿಲ್ಲದೆ ಹೋದವರ ಪಟ್ಟಿ ಮಾಡಲು ನಮ್ಮಲ್ಲಿ ಆಧಾರವೇ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬಾನುಲಿ ಬಂದಾಗ ಧ್ವನಿ ಊರು ದಾಟಿತು, ಆದರೆ ಸಂವಾದ ಕಡಿದುಹೋಯಿತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬುದು ಆ ಕೇಂದ್ರದ ಹೆಸರು. ಮುಂದೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. ಬಾನುಲಿ ಎಷ್ಟೋ ಕನ್ನಡ ದನಿಗಳನ್ನು ಮನೆಮಾತಾಗಿಸಿತು. ಆದರೆ ಅಲ್ಲಿ ಮಾತಾಡುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ. ಕೇಳುಗ ಉತ್ತರ ಕೊಡಬೇಕೆಂದರೆ ಕಾಗದ ಬರೆಯಬೇಕಿತ್ತು.

ಕೇಳುವವರೂ ಮಾತಾಡಬಲ್ಲ ರೇಡಿಯೋ ಜನಸಾಮಾನ್ಯರ ಗೀಳಾದದ್ದು 1970ರ ದಶಕದ ಅಮೆರಿಕದಲ್ಲಿ. 1973ರ ತೈಲ ಬಿಕ್ಕಟ್ಟಿನ ನಂತರ ಹೆದ್ದಾರಿಗಳಲ್ಲಿ ವೇಗಮಿತಿ ಗಂಟೆಗೆ 55 ಮೈಲಿಗೆ ಇಳಿಯಿತು. ಲಾರಿ ಚಾಲಕರು ಸಿಬಿ ರೇಡಿಯೋ ಎಂಬ ಪುಟ್ಟ ಯಂತ್ರ ಹಿಡಿದು ಡೀಸೆಲ್ ಎಲ್ಲಿದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಎಲ್ಲರಿಗೂ ಒಂದೊಂದು ಅಡ್ಡಹೆಸರು. ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಕೂಡ 1976ರಲ್ಲಿ 'ಫಸ್ಟ್ ಮಾಮಾ' ಎಂಬ ಹೆಸರಿನಲ್ಲಿ ಮಾತಾಡಿದರು. ಜನ ಮುಗಿಬಿದ್ದು ವಾಹಿನಿಗಳು ಸಾಲದಾದವು. 1977ರಲ್ಲಿ 23 ಇದ್ದದ್ದು 40 ಆಯಿತು. ಆದರೂ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳದಂತಾಗಿ, ಕೆಲವೇ ವರ್ಷಗಳಲ್ಲಿ ಹುಚ್ಚು ಇಳಿಯಿತು. ಆ ಅಡ್ಡಹೆಸರುಗಳೂ ಅದರೊಂದಿಗೇ ಹೋದವು.

2020ರ ವಸಂತದಲ್ಲಿ, ಜಗತ್ತು ಬಾಗಿಲು ಹಾಕಿಕೊಂಡಿದ್ದಾಗ, ಪಾಲ್ ಡೇವಿಸನ್ ಮತ್ತು ರೋಹನ್ ಸೇಠ್ 'ಕ್ಲಬ್‌ಹೌಸ್' ಎಂಬ ಆ್ಯಪ್ ಹೊರತಂದರು. ಮೊದಲು ಐಫೋನ್ ಇದ್ದವರಿಗೆ ಮಾತ್ರ, ಅದೂ ಆಹ್ವಾನವಿದ್ದರೆ. ಒಳಗೆ ಕೋಣೆಗಳು, ಪ್ರತಿ ಕೋಣೆಗೂ ಒಂದು ವೇದಿಕೆ. ಕೆಳಗೆ ಕೂತವರು ಕೈಯೆತ್ತಿದರೆ ನಡೆಸುವವರು ಮೇಲೆ ಕರೆಯುತ್ತಿದ್ದರು. ಮೈಕಿನ ಗುಂಡಿಯನ್ನು ಪಟಪಟನೆ ಒತ್ತಿದರೆ ಅದೇ ಚಪ್ಪಾಳೆ. ಮಾತು ಹಿಡಿಸಿದರೆ ಆಡಿದವರ ಚಿತ್ರ ಮುಟ್ಟಿ, ಪರಿಚಯ ಓದಿ, ಅವರನ್ನು ಹಿಂಬಾಲಿಸಬಹುದಿತ್ತು. ಹೆಸರು ಬೆಳೆಯುವ ದಾರಿ ಇಷ್ಟು ಸಲೀಸಾಗಿ ಹಿಂದೆಂದೂ ಇರಲಿಲ್ಲ. 2021ರ ಜನವರಿ ಕೊನೆಯಲ್ಲಿ ಇಲಾನ್ ಮಸ್ಕ್ ಒಂದು ಕೋಣೆಗೆ ಬಂದಾಗ ಅಲ್ಲಿನ 5,000 ಜನರ ಮಿತಿ ತುಂಬಿಹೋಯಿತು.

ಆದರೆ ಅಲ್ಲಿ ಬೆಳೆದದ್ದು ಮೊದಲೇ ಹೆಸರಿದ್ದವರು ಮಾತ್ರವಲ್ಲ. ಆಕ್ಸೆಲ್ ಮನ್ಸೂರ್ ಎಂಬ ಗಾಯಕ ರಾತ್ರಿ ರಾತ್ರಿ 'ಲಲಬೈ ಕ್ಲಬ್' ನಡೆಸಿ, ಜನರನ್ನು ಜೋಗುಳದಿಂದ ಮಲಗಿಸುತ್ತಿದ್ದ. 2021ರ ಮಾರ್ಚ್‌ನಲ್ಲಿ ಅವನ ಮುಖವೇ ಆ ಆ್ಯಪ್‌ನ ಚಿಹ್ನೆಯಾಗಿ ಲಕ್ಷಾಂತರ ಮೊಬೈಲುಗಳ ಮೇಲೆ ಕೂತಿತು. ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ, ತಪ್ಪದೆ ಬಂದು ಬೇರೆಯವರಿಗೆ ಬೇಕಾದದ್ದನ್ನು ಕೊಟ್ಟದ್ದು ಫಲಿಸಿತ್ತು. ಆದರೆ ಆ ಚಿಹ್ನೆಯನ್ನು ಕಂಪನಿ ಆಗಾಗ ಬದಲಾಯಿಸುತ್ತಿತ್ತು. ಅವನಿಗಿಂತ ಮೊದಲು ಅಲ್ಲಿ ಬೊಮಾನಿ ಎಕ್ಸ್ ಎಂಬ ಗಿಟಾರ್ ವಾದಕನ ಮುಖವಿತ್ತು. ಅವನ ನಂತರ ಬೇರೆಯವರದು ಬಂತು. ಲಾಯ್ಡನ ಕಾಫಿ ಮನೆಯ ಲೆಕ್ಕಾಚಾರವೇ ಇಲ್ಲೂ ನಡೆಯಿತು.

ಭಾರತದಲ್ಲಿ ಈ ಕೋಣೆಗಳು ತುಂಬಿದ್ದು 2021ರ ಮೇ ತಿಂಗಳಲ್ಲಿ, ಆಂಡ್ರಾಯ್ಡ್ ಫೋನುಗಳಿಗೂ ಆ್ಯಪ್ ಬಂದ ಮೇಲೆ. ಅದು ಎರಡನೆಯ ಅಲೆಯ ಕಾಲ. ಕನ್ನಡದ ಕೋಣೆಗಳಲ್ಲಿ ಸಿನಿಮಾ, ರಾಜಕೀಯ, ಕಥೆ, ಹರಟೆ, ಅಂತ್ಯಾಕ್ಷರಿ ಎಲ್ಲವೂ ನಡೆದವು. ಊರಲ್ಲಿದ್ದವರೂ ಹೊರದೇಶದಲ್ಲಿದ್ದವರೂ ಒಂದೇ ಜಗಲಿಯಲ್ಲಿ ಕೂತಂತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಕ್ಲಬ್‌ಹೌಸ್ ಹೊಸದಾಗಿ ಸೇರಿಸಿಕೊಂಡ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಇತ್ತು.

ಆಡಿದರೆ ಹೋಯಿತು ಎಂಬ ನಂಬಿಕೆ ಅಲ್ಲಿ ಮಾತನ್ನು ಸಲೀಸಾಗಿಸಿತ್ತು. ಅದೇ ನಂಬಿಕೆ ಕೈಕೊಟ್ಟದ್ದೂ ಉಂಟು. 2021ರ ಏಪ್ರಿಲ್‌ನಲ್ಲಿ, ಪಶ್ಚಿಮ ಬಂಗಾಳದ ಚುನಾವಣೆ ನಡೆಯುತ್ತಿರುವಾಗಲೇ, ತಂತ್ರಗಾರ ಪ್ರಶಾಂತ್ ಕಿಶೋರ್ ಒಂದು ಕೋಣೆಯಲ್ಲಿ ಆಡಿದ ಮಾತಿನ ತುಣುಕುಗಳು ಹೊರಬಿದ್ದು ದೊಡ್ಡ ಸುದ್ದಿಯಾದವು. 2022ರ ಜನವರಿಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ ಕೋಣೆಯೊಂದರಲ್ಲಿ ನಡೆದ ಹೊಲಸು ಮಾತು ಪೊಲೀಸ್ ಪ್ರಕರಣವಾಯಿತು. ಅಳಿಯಬಾರದ ಒಳ್ಳೆಯ ಮಾತು ಅಳಿದು, ಯಾರದೋ ನಾಲಿಗೆ ಜಾರಿದ ಗಳಿಗೆ ಮಾತ್ರ ಉಳಿಯುವುದು ಈ ಮಾಧ್ಯಮದ ಕ್ರೂರ ವ್ಯಂಗ್ಯ. ಹೆಸರು ಮಾಡಲು ಹೋದವರು ಹೆಸರು ಕೆಡಿಸಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು.

ಬಾಗಿಲುಗಳು ತೆರೆದು ಜನ ಹೊರಗೆ ಬಂದಂತೆ ಕೋಣೆಗಳು ಖಾಲಿಯಾದವು. ಸ್ಪಾಟಿಫೈ 2021ರಲ್ಲಿ ಶುರುಮಾಡಿದ ಇಂಥದೇ ಆ್ಯಪ್ 2023ರಲ್ಲಿ ಮುಚ್ಚಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಲಬ್‌ಹೌಸ್ ತನ್ನ ಅರ್ಧಕ್ಕಿಂತ ಹೆಚ್ಚು ನೌಕರರನ್ನು ಕೈಬಿಟ್ಟಿತು. ಟ್ವಿಟರ್‌ನ 'ಸ್ಪೇಸಸ್' ಉಳಿದುಕೊಂಡಿತು. ಅಲ್ಲಿ ಈಗಲೂ ಕನ್ನಡ ಕೇಳಿಸುತ್ತದೆ. ಒಂದು ಕೋಣೆಯಲ್ಲಿ ಗಳಿಸಿದ ಹಿಂಬಾಲಕರನ್ನು ಇನ್ನೊಂದು ಕೋಣೆಗೆ ಹೊತ್ತುಕೊಂಡು ಹೋಗಲಾಗುವುದಿಲ್ಲ ಎಂಬುದು ಆಗ ಬಹಳ ಜನರಿಗೆ ತಿಳಿಯಿತು.

ಹಾಗಾದರೆ ಆ ಸಲಹೆ ಪೊಳ್ಳೇ? ಪೂರ್ತಿ ಅಲ್ಲ. ನೇರ ಮಾತಿನಲ್ಲಿ ಮನುಷ್ಯನ ತೂಕ ಬೇಗ ಗೊತ್ತಾಗುತ್ತದೆ. ಪದವಿ, ಪುಸ್ತಕ, ಪರಿಚಯ ಯಾವುದೂ ಇಲ್ಲದ ವಿದ್ಯಾರ್ಥಿಗೂ ಹಿರಿಯರ ಎದುರು ಒಂದು ಒಳ್ಳೆಯ ಪ್ರಶ್ನೆ ಕೇಳುವ ಅವಕಾಶ ಅಲ್ಲಿ ಸಿಗುತ್ತದೆ. ಪೆನ್ನಿಯ ಕಾಫಿ ಮನೆ ಕೊಟ್ಟದ್ದೂ ಇದನ್ನೇ. ಆದರೆ ಕೋಣೆ ಪರಿಚಯವನ್ನಷ್ಟೇ ಕೊಡುತ್ತದೆ. ಅದು ಹೆಸರಾಗಬೇಕಾದರೆ ಕೋಣೆಯ ಹೊರಗೆ ಕೆಲಸ ನಡೆಯಬೇಕು. ಕೇಳಿದ್ದನ್ನು ನೆನಪಿಟ್ಟು, ಯಾರು ಹೇಳಿದ್ದೆಂದು ಅವರ ಹೆಸರು ಸಮೇತ ಬರೆದು, ತನ್ನದೇ ಆದ ಜಾಗದಲ್ಲಿ ಇಡಬೇಕು. ಬಾಸ್ವೆಲ್ ಮಾಡಿದ್ದು ಅಷ್ಟೇ.

2021ರ ಆ ಬೇಸಿಗೆಯ ರಾತ್ರಿಗಳಲ್ಲಿ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಕಾಲದಲ್ಲಿ, ಕನ್ನಡಿಗರು ಗಂಟೆಗಟ್ಟಲೆ ಒಬ್ಬರಿಗೊಬ್ಬರು ಏನು ಹೇಳಿಕೊಂಡರು? ಮುಂದೊಂದು ದಿನ ಆ ಕಾಲದ ಚರಿತ್ರೆ ಬರೆಯುವವರು ಇದನ್ನು ಕೇಳಿಯೇ ಕೇಳುತ್ತಾರೆ. ಕ್ಲಬ್‌ಹೌಸ್ ಕೋಣೆಯ ಮಾತನ್ನು ಕಾದಿಟ್ಟು ಮತ್ತೆ ಕೇಳಿಸುವ ಸೌಲಭ್ಯ ತಂದದ್ದು ಆ ವರ್ಷದ ಕೊನೆಗೆ. ಅಷ್ಟರಲ್ಲಿ ಆ ರಾತ್ರಿಗಳು ಕಳೆದಿದ್ದವು. ಅಂದು ಮೈಕು ಮುಚ್ಚಿಕೊಂಡು ಕೆಳಗಿನ ಸಾಲಿನಲ್ಲಿ ಕೂತು, ಪಕ್ಕದ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಚಿಕೊಂಡವರಿದ್ದರೆ, ಅವರು ಅದನ್ನು ಈಗಲಾದರೂ ಹೊರತೆಗೆಯಲಿ.